ಕೇಳೋಕೆ ನೀವ್ಯಾರು?

2025ರ ಏಪ್ರಿಲ್ ತಿಂಗಳಲ್ಲಿ ಒಂದು ವಿಡಿಯೊ ಬೆಂಗಳೂರಿನ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಜಾಗ ಚಂದ್ರಾ ಲೇಔಟ್ ಪೊಲೀಸ್ ಠಾಣೆಯ ವ್ಯಾಪ್ತಿಯದು. ಉದ್ಯಾನದ ಬಳಿ ನಿಲ್ಲಿಸಿದ ಸ್ಕೂಟರ್ ಮೇಲೆ ಒಬ್ಬ ಯುವಕ, ಬುರ್ಖಾ ತೊಟ್ಟ ಒಬ್ಬ ಯುವತಿ ಕುಳಿತಿದ್ದಾರೆ. ಹುಡುಗರ ಗುಂಪೊಂದು ಬಂದು ಸುತ್ತುವರಿಯುತ್ತದೆ. ಬೇರೆ ಧರ್ಮದವನ ಜೊತೆ ಇಲ್ಲೇಕೆ ಕೂತಿದ್ದೀಯ ಎಂಬ ವಿಚಾರಣೆ ಶುರುವಾಗುತ್ತದೆ. ಕೇಳಿದವರು ಆಕೆಯ ಧರ್ಮದವರೇ. ಯುವತಿ ದೂರು ಕೊಟ್ಟ ಮೇಲೆ ಪೊಲೀಸರು ಪ್ರಕರಣ ದಾಖಲಿಸಿ ಗುಂಪಿನವರನ್ನು ಹಿಡಿದರು. ಹಿಡಿದವರಲ್ಲಿ ಒಬ್ಬ ಇನ್ನೂ ಬಾಲಕ.

ಆ ಬಾಲಕನ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ಮತ ಹಾಕುವ ವಯಸ್ಸು ಆಗ ಅವನಿಗೆ ಬಂದಿರಲಿಲ್ಲ. ಅವನ ಹೆಸರಲ್ಲಿ ಸಿಮ್ ಕಾರ್ಡ್ ಕೂಡ ಸಿಗುತ್ತಿರಲಿಲ್ಲ. ಆದರೆ ವಯಸ್ಕಳಾದ ಹೆಣ್ಣುಮಗಳೊಬ್ಬಳನ್ನು ರಸ್ತೆಯಲ್ಲಿ ತಡೆದು, ನಿನ್ನ ಜೊತೆಗಿರುವವನು ಯಾರು ಎಂದು ಕೇಳುವ ಹಕ್ಕು ತನಗಿದೆ ಎಂದು ಅವನಿಗೆ ಖಾತರಿಯಾಗಿತ್ತು. ಶಾಲೆಯಲ್ಲಿ ಇದನ್ನು ಯಾರೂ ಪಾಠ ಮಾಡಿರುವುದಿಲ್ಲ. ದೊಡ್ಡವರು ಮಾಡಿದ್ದನ್ನು, ಮಾಡಿ ದಕ್ಕಿಸಿಕೊಂಡಿದ್ದನ್ನು ನೋಡಿ ಕಲಿತದ್ದು.

ಇಂಥ ಕಡೆ ಮೊಬೈಲ್ ಹಿಡಿದವನ ಕೆಲಸವನ್ನು ಹತ್ತಿರದಿಂದ ಗಮನಿಸಬೇಕು. ಬೈಗುಳ ಆ ಸಂಜೆಗೆ ಮುಗಿಯುತ್ತದೆ, ಬಾಸುಂಡೆ ವಾರದಲ್ಲಿ ಮಾಯುತ್ತದೆ. ವಿಡಿಯೊ ಮಾಯುವುದಿಲ್ಲ. ಅದು ಏರಿಯಾದ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಜಾತಿಯವರ, ಜಮಾತಿನವರ, ಸಂಘದವರ ಗ್ರೂಪಿಗೆ, ಕೊನೆಗೆ ಹುಡುಗಿಯ ಚಿಕ್ಕಪ್ಪನ ಕೈಗೆ. ಗಾಡಿಯ ನಂಬರ್ ಪ್ಲೇಟ್ ಕಾಣಬೇಕು, ಮುಖ ಕಾಣಬೇಕು ಎಂದು ಹಠ ಹಿಡಿದು ತೆಗೆಯುವುದು ಇದಕ್ಕೇ. ಇಂಥ ವಿಡಿಯೊಗಳಲ್ಲೆಲ್ಲ ಹುಡುಗಿಯ ಕೈ ಮೊದಲು ಹೋಗುವುದು ಮುಖ ಮುಚ್ಚಿಕೊಳ್ಳುವುದಕ್ಕೆ. ಏಟು ತಪ್ಪಿಸಿಕೊಳ್ಳುವುದು ಆಮೇಲಿನ ಮಾತು. ಯಾವುದಕ್ಕೆ ಹೆಚ್ಚು ಹೆದರಬೇಕೆಂದು ಆಕೆಗೆ ಗೊತ್ತು.

ಹರೆಯದವರು ಉದ್ಯಾನಕ್ಕೇ ಏಕೆ ಬರುತ್ತಾರೆ ಎಂದು ಗೊಣಗುವವರು ನಮ್ಮ ಪಶ್ಚಿಮ ಬೆಂಗಳೂರಿನ ಮನೆಗಳನ್ನು ಒಮ್ಮೆ ನೋಡಬೇಕು. ಮೂಡಲಪಾಳ್ಯ, ಕಾಮಾಕ್ಷಿಪಾಳ್ಯ, ಅಗ್ರಹಾರ ದಾಸರಹಳ್ಳಿ, ಕೆ.ಪಿ. ಅಗ್ರಹಾರದ ಓಣಿಗಳಲ್ಲಿ 20-30ರ ಸೈಟಿನ ಮೇಲೆ ಮೂರು ಮಹಡಿ ಎದ್ದಿರುತ್ತದೆ, ಮಹಡಿಗೆ ಎರಡು ಸಂಸಾರ. ಒಂದು ಹಾಲ್, ಒಂದು ಅಡುಗೆಮನೆ, ನೀರಿನ ಡ್ರಮ್ಮು ಇಟ್ಟ ಮೇಲೆ ಉಳಿದ ಜಾಗದಲ್ಲಿ ಬಚ್ಚಲು. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿ, ಲೇತ್ ಮೆಷಿನ್ ಮುಂದೆ ದಿನವಿಡೀ ನಿಲ್ಲುವ ಹುಡುಗ ಅರ್ಧ ಗಂಟೆ ಕೂತು ಮಾತಾಡಬೇಕೆಂದರೆ ಎಲ್ಲಿಗೆ ಹೋಗಬೇಕು? ದುಡ್ಡಿದ್ದವರಿಗೆ ಕಾರಿದೆ, ಕೆಫೆ ಇದೆ, ಗೇಟಿನೊಳಗಿನ ಅಪಾರ್ಟ್‌ಮೆಂಟ್ ಇದೆ. ಅಲ್ಲಿಗೆ ಈ ಗುಂಪುಗಳು ನುಗ್ಗುವುದು ಅಪರೂಪ. ಬೀದಿಯ ಕಾವಲು ಬೀಳುವುದು ಸ್ವಂತಕ್ಕೊಂದು ಕೋಣೆ ಇಲ್ಲದವರ ಮೇಲೆ.

ಬೆಂಗಳೂರಿನ ನಾವು ನೈತಿಕ ಪೊಲೀಸ್‌ಗಿರಿಯನ್ನು ಕರಾವಳಿಯ ಕಾಯಿಲೆ ಎಂದು ಬಹಳ ಕಾಲ ದೂರ ಇಟ್ಟಿದ್ದೆವು. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿನಿಂದ ಹೆಣ್ಣುಮಕ್ಕಳನ್ನು ಶ್ರೀರಾಮ ಸೇನೆಯವರು ಅಟ್ಟಾಡಿಸಿ ಹೊಡೆದದ್ದನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. 2012ರ ಜುಲೈ 28ರಂದು ಅದೇ ಊರಿನ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬದ ಕೂಟಕ್ಕೆ ಇನ್ನೊಂದು ಗುಂಪು ನುಗ್ಗಿತು. ಪಬ್ ದಾಳಿಯ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಖುಲಾಸೆಯಾದರು. ಹೋಂಸ್ಟೇ ಪ್ರಕರಣದವರು 2024ರಲ್ಲಿ ಖುಲಾಸೆಯಾದರು. ಕ್ಯಾಮೆರಾದ ಎದುರೇ ನಡೆದ ಕೃತ್ಯಕ್ಕೆ ನ್ಯಾಯಾಲಯದಲ್ಲಿ ಸಾಕ್ಷಿ ಸಿಗಲಿಲ್ಲ. 2021ರ ಅಕ್ಟೋಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಇಂಥ ಘಟನೆಗಳ ಬಗ್ಗೆ ಕೇಳಿದಾಗ ಕ್ರಿಯೆಗೆ ಪ್ರತಿಕ್ರಿಯೆ ಇರುತ್ತದೆ ಎಂಬರ್ಥದಲ್ಲಿ ಮಾತಾಡಿದರು. ಗುಂಪುಗಳಿಗೆ ಇದಕ್ಕಿಂತ ದೊಡ್ಡ ಅಭಯ ಬೇಕಿರಲಿಲ್ಲ. 2023ರಲ್ಲಿ ಸರ್ಕಾರ ಬದಲಾಗಿ ಗೃಹ ಸಚಿವ ಜಿ. ಪರಮೇಶ್ವರ ಮಂಗಳೂರು ಪೊಲೀಸರಲ್ಲಿ ಇದಕ್ಕೆಂದೇ ಪ್ರತ್ಯೇಕ ದಳ ಘೋಷಿಸಿದರು. ಇದೇ ಪರಮೇಶ್ವರ, 2016ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆಯಲ್ಲಿ ಹೆಣ್ಣುಮಕ್ಕಳ ಮೇಲೆ ಕೈ ಹಾಕಿದ ಸುದ್ದಿ ಬಂದಾಗ ಪಾಶ್ಚಾತ್ಯರ ಉಡುಪು, ಮನೋಭಾವದ ಮಾತಾಡಿದ್ದವರು ಎಂಬುದನ್ನೂ ಮರೆಯಬಾರದು.

2024ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹಾನಗಲ್ ಬಳಿ ನಡೆದದ್ದು, ಈ ರೋಗಕ್ಕೆ ಒಂದೇ ಬಣ್ಣದ ಶಾಲು ಎಂದು ನಂಬಿದ್ದವರ ಕಣ್ಣು ತೆರೆಸಬೇಕಿತ್ತು. ಲಾಡ್ಜಿನಲ್ಲಿ ಬೇರೆ ಧರ್ಮದವನೊಂದಿಗೆ ಇದ್ದ ಮುಸ್ಲಿಂ ಮಹಿಳೆಯ ಕೋಣೆಗೆ ಆಕೆಯ ಸಮುದಾಯದ ಗಂಡಸರೇ ನುಗ್ಗಿ, ಹೊಡೆದು, ವಿಡಿಯೊ ಮಾಡಿದರು. ತನ್ನನ್ನು ಎಳೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಎಂದು ಆಕೆ ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟರು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳು ಅಕ್ಕಿಆಲೂರಿನಲ್ಲಿ ಕಾರು, ಬೈಕುಗಳ ಮೆರವಣಿಗೆ ಮಾಡಿಕೊಂಡರು. ಹೆಣ್ಣಿನ ಮಾನ ಕಾಯಲು ಹೋದವರೆಂದು ಹೇಳಿಕೊಂಡವರ ಮೇಲೆ ಇರುವ ಆರೋಪ ಯಾವುದು ಎಂಬುದನ್ನು ಎರಡೂ ಕಡೆಯ ಕಾವಲುಗಾರರು ನೆನಪಿಡಬೇಕು. ನಮ್ಮ ಹೆಣ್ಣು, ನಮ್ಮ ಮಾನ ಎನ್ನುವವರಿಗೆ ಆ ಹೆಣ್ಣು ತಮ್ಮ ಸಮುದಾಯದ ಗಡಿಕಲ್ಲು ಮಾತ್ರ.

ಖಾಕಿ ತೊಟ್ಟವರೂ ಈ ಅಭ್ಯಾಸದಿಂದ ಹೊರಗಿಲ್ಲ. 2022ರ ಡಿಸೆಂಬರಿನಲ್ಲಿ ಸಂಪಿಗೆಹಳ್ಳಿ ಠಾಣೆಯ ಇಬ್ಬರು, ಮಧ್ಯರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ತಡೆದು, ರಾತ್ರಿ 11ರ ಮೇಲೆ ರಸ್ತೆಯಲ್ಲಿ ಓಡಾಡುವುದು ತಪ್ಪೆಂದು ಹೆದರಿಸಿ ಹಣ ಕಿತ್ತುಕೊಂಡರು. ಅವರು ಅಮಾನತಾದರು. ಅದೇ ತಿಂಗಳು ಸುಪ್ರೀಂ ಕೋರ್ಟ್, ವಡೋದರಾದಲ್ಲಿ ಜೋಡಿಯೊಂದನ್ನು ಪೀಡಿಸಿದ್ದ ಸಿಐಎಸ್‌ಎಫ್ ಸಿಬ್ಬಂದಿಯ ವಜಾ ಆದೇಶವನ್ನು ಎತ್ತಿಹಿಡಿಯುತ್ತ, ಪೊಲೀಸರ ಕೆಲಸ ನೈತಿಕತೆ ಕಾಯುವುದಲ್ಲ ಎಂದು ಸ್ಪಷ್ಟವಾಗಿ ಹೇಳಿತು.

ಪಶ್ಚಿಮ ಬೆಂಗಳೂರಿನ ಅನುಭವ ನನಗೆ ಮುಖ್ಯವೆನಿಸುವುದು ಇನ್ನೊಂದು ಕಾರಣಕ್ಕೆ. ಇಲ್ಲಿ ತಡೆದು ಕೇಳುವ ಚಾಳಿ ಧರ್ಮದ ಗಡಿಯಲ್ಲಷ್ಟೇ ಇಲ್ಲ. ಅದು ಬಟ್ಟೆಯಲ್ಲಿದೆ, ಭಾಷೆಯಲ್ಲಿದೆ, ಅಡುಗೆಯ ವಾಸನೆಯಲ್ಲಿದೆ. ತಡೆದವರು ಬೇರೆ ಬೇರೆ, ತಡೆಸಿಕೊಂಡವರೂ ಬೇರೆ ಬೇರೆ. ಒಮ್ಮೆ ತಡೆಸಿಕೊಂಡವರು ಇನ್ನೊಮ್ಮೆ ತಡೆಯುವವರಾಗಿ ನಿಂತದ್ದೂ ಉಂಟು.

2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ನಡೆದದ್ದನ್ನು ಬಹಳ ಜನ ನೋಡಿದ್ದಾರೆ. ತಲೆಯ ಮೇಲೆ ಗಂಟು ಹೊತ್ತ ರೈತರೊಬ್ಬರು ಟಿಕೆಟ್ ಇದ್ದರೂ ತಪಾಸಣೆಯ ಜಾಗ ದಾಟಲಾಗದೆ ನಿಂತಿದ್ದಾರೆ. ಅಂಗಿ ಮಾಸಿದೆ ಎಂಬುದು ಅಡ್ಡಿ. ಗಂಟಿನಲ್ಲಿ ಇದ್ದದ್ದು ಬಟ್ಟೆ. ಅದೇ ಸಾಲಿನಲ್ಲಿದ್ದ ಸಹಪ್ರಯಾಣಿಕರೊಬ್ಬರು ಮುಂದೆ ಬಂದು ಭದ್ರತಾ ಸಿಬ್ಬಂದಿಯನ್ನೇ ಪ್ರಶ್ನಿಸುತ್ತಾರೆ: ಯಾವ ನಿಯಮದಲ್ಲಿ ಇದು ಬರೆದಿದೆ, ತೋರಿಸಿ. ಇನ್ನೂ ಕೆಲವರು ದನಿಗೂಡಿಸುತ್ತಾರೆ. ತೋರಿಸಲು ಅವರ ಬಳಿ ಏನೂ ಇರಲಿಲ್ಲ. ಆ ಪ್ರಯಾಣಿಕರೇ ರೈತರನ್ನು ಒಳಗೆ ಕರೆದುಕೊಂಡು ಹೋದರು. ಬಿಎಂಆರ್‌ಸಿಎಲ್ ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆಯಿತು.

ಐದು ತಿಂಗಳು ಕಳೆಯುವಷ್ಟರಲ್ಲಿ, ಜುಲೈ 16ರಂದು, ಮಾಗಡಿ ರಸ್ತೆಯ ಜಿ.ಟಿ. ಮಾಲಿನಲ್ಲಿ ಅದೇ ಕತೆ. ಹಾವೇರಿ ಜಿಲ್ಲೆಯ ಹಿರಿಯ ರೈತರೊಬ್ಬರು ಮಗನ ಜೊತೆ ಸಿನಿಮಾ ನೋಡಲು ಬಂದಿದ್ದರು. ಉಟ್ಟದ್ದು ಬಿಳಿ ಪಂಚೆ, ತಲೆಗೆ ಪೇಟ. ಪ್ಯಾಂಟ್ ಹಾಕಿಕೊಂಡು ಬಂದರೆ ಬಿಡುತ್ತೇವೆ ಎಂದರು ಬಾಗಿಲಲ್ಲಿದ್ದವರು. ಅಪ್ಪನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಗ ವಿಡಿಯೊ ಮಾಡಿದ. ಮರುದಿನ ರೈತ ಸಂಘಟನೆಗಳು, ಕನ್ನಡ ಸಂಘಟನೆಗಳು ಪಂಚೆ ಉಟ್ಟೇ ಮಾಲಿನ ಮುಂದೆ ಕುಳಿತವು. ವಿಧಾನಸಭೆಯಲ್ಲಿ ಪಕ್ಷಭೇದವಿಲ್ಲದೆ ಶಾಸಕರು ಎದ್ದು ನಿಂತರು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸಚಿವ ಬೈರತಿ ಸುರೇಶ್ ಸದನದಲ್ಲಿ ಹೇಳಿದರು. ಪಾಲಿಕೆಗೆ ಕಟ್ಟಬೇಕಿದ್ದ ಆಸ್ತಿ ತೆರಿಗೆ ಬಾಕಿಯೂ ಹೊರಬಂತು.

ಆ ಸಿಟ್ಟು ನ್ಯಾಯವಾದದ್ದು. ಊರಿಗೆ ಅನ್ನ ಕೊಡುವವನ ಉಡುಪು ಊರಿನ ಬಾಗಿಲಲ್ಲಿ ಅಪರಾಧವಾದರೆ ಕನ್ನಡಿಗರ ರಕ್ತ ಕುದಿಯಲೇಬೇಕು. ಆದರೆ ಎರಡೂ ಕಡೆ ಶಿಕ್ಷೆ ಮೊದಲು ಬಿದ್ದದ್ದು ಯಾರ ಮೇಲೆ ಎಂಬುದು ನನ್ನನ್ನು ಕಾಡುತ್ತದೆ. ಹನ್ನೆರಡು ಗಂಟೆ ನಿಂತೇ ಇರಬೇಕಾದ, ಏಜೆನ್ಸಿಯ ಮೂಲಕ ಸಂಬಳ ಪಡೆಯುವ, ಬಹುಪಾಲು ತಾವೂ ಹಳ್ಳಿ ಬಿಟ್ಟು ಬಂದಿರುವ ಸೆಕ್ಯುರಿಟಿಯವರ ಮೇಲೆ. ಯಾರನ್ನು ಒಳಗೆ ಬಿಟ್ಟರೆ ಬೈಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಅವರಿಗೆ ಯಾರೋ ಕಲಿಸಿರುತ್ತಾರೆ. ಕಲಿಸಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಪಂಚೆಗೆ ಎದ್ದು ನಿಂತ ಇದೇ ನಾಡು, 2022ರ ಆರಂಭದಲ್ಲಿ ಪದವಿಪೂರ್ವ ಕಾಲೇಜುಗಳ ಗೇಟಿನಲ್ಲಿ ತಲೆವಸ್ತ್ರ ತೊಟ್ಟ ಹೆಣ್ಣುಮಕ್ಕಳು ಪರೀಕ್ಷೆಯ ಹೊತ್ತಲ್ಲಿ ನಿಂತಾಗ ಎರಡಾಗಿ ಸೀಳಿಹೋಗಿತ್ತು. ಫೆಬ್ರುವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಅವರು ಆದೇಶ ಸರಿ ಎಂದರು. ಶಾಲೆಯ ಗೇಟಿನಲ್ಲಿ ಹುಡುಗಿಗೆ ಹಿಜಾಬ್ ತೆಗೆ ಎನ್ನುವುದು ಅವಳ ಘನತೆಗೂ ಖಾಸಗಿತನಕ್ಕೂ ಧಕ್ಕೆ ಎಂದರು ಸುಧಾಂಶು ಧುಲಿಯಾ. ಸಮವಸ್ತ್ರದ ವಾದದಲ್ಲಿ ತೂಕವಿಲ್ಲವೆಂದು ನಾನು ಹೇಳುವುದಿಲ್ಲ. ಶಾಲೆ ಬೇರೆ, ಮಾಲ್ ಬೇರೆ. ಆದರೆ ಆ ದಿನಗಳಲ್ಲಿ ಗೇಟಿನ ಹೊರಗೆ ಶಾಲು ಬೀಸುತ್ತ ಕೂಗಿದವರಿಗೆ ಸಮವಸ್ತ್ರದ ಚಿಂತೆ ಇತ್ತೆಂದು ನಂಬುವುದು ಕಷ್ಟ.

2025ರ ಏಪ್ರಿಲಿನಲ್ಲಿ ಸರದಿ ತಿರುಗಿತು. ಸಿಇಟಿ ಪರೀಕ್ಷಾ ಕೇಂದ್ರಗಳಲ್ಲಿ ಬೀದರ್, ಶಿವಮೊಗ್ಗದ ವಿದ್ಯಾರ್ಥಿಗಳಿಗೆ ಜನಿವಾರ ತೆಗೆಯಿರಿ ಎಂದರು. ಬೀದರಿನ ಹುಡುಗ ಒಪ್ಪದೆ, ಗಣಿತ ಪರೀಕ್ಷೆ ಬರೆಯಲಾಗದೆ ಮನೆಗೆ ಮರಳಿದ. ಮೈಮೇಲಿನ ಒಂದೆಳೆ ನೂಲಿನಿಂದ ಪರೀಕ್ಷೆಗೆ ಯಾವ ಅಪಾಯವಿತ್ತು? ಆ ಮನೆಯವರ ಸಂಕಟ ದೊಡ್ಡದು. ಆದರೆ ಆ ವಾರ ನಮ್ಮ ಸುತ್ತಮುತ್ತ ನಡೆದ ಮಾತುಗಳಲ್ಲಿ ಒಂದು ವಿಚಿತ್ರ ಕಂಡೆ. ಹಿಜಾಬಿನ ಕಾಲದಲ್ಲಿ ನಿಯಮ ಎಂದರೆ ನಿಯಮ ಎಂದಿದ್ದವರು ಈಗ ಘನತೆಯ ಮಾತಾಡುತ್ತಿದ್ದರು. ಆಗ ಘನತೆಯ ಮಾತಾಡಿದವರಲ್ಲಿ ಕೆಲವರು ಈಗ ತೆಗೆದರೆ ಏನಾಗುತ್ತಿತ್ತು ಎನ್ನುತ್ತಿದ್ದರು. ಇಬ್ಬರು ಮಕ್ಕಳೂ ಪರೀಕ್ಷೆಯ ಬಾಗಿಲಲ್ಲಿ ಅತ್ತವರೇ. ಇಬ್ಬರ ಪರವಾಗಿಯೂ ಒಂದೇ ದನಿಯಲ್ಲಿ ಮಾತಾಡಿದವರು ಇದ್ದರು, ಅವರ ಸಂಖ್ಯೆ ಕಡಿಮೆ.

ಪಂಚೆಯ ಹೋರಾಟದಲ್ಲಿ ಮುಂದೆ ನಿಂತದ್ದು ಕನ್ನಡದ ಅಸ್ಮಿತೆ. ಅದೇ ಅಸ್ಮಿತೆ ಬಾಗಿಲು ಕಾಯಲು ನಿಂತಾಗ ಏನಾಗುತ್ತದೆಂದು ನೋಡಲು ಆ ಹೋರಾಟಕ್ಕೂ ಎಂಟು ವರ್ಷ ಹಿಂದೆ ಹೋಗಬೇಕು. 2016ರ ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್‌ನಂತೆ ಹತ್ತು ದಿನ ಕಾವೇರಿ ನೀರು ಬಿಡಲು ಹೇಳಿತು. ಮಂಡ್ಯದ ಗದ್ದೆಗಳು ಒಣಗಿದ್ದವು, ಸಿಟ್ಟಿಗೆ ಕಾರಣವಿತ್ತು. 9ರಂದು ಕರ್ನಾಟಕ ಬಂದ್. ಬಂದ್‌ಗೆ ಬಂದ ಚಿತ್ರನಟರನ್ನು ಅಣಕಿಸಿ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಫೇಸ್‌ಬುಕ್ಕಿನಲ್ಲಿ ಏನೋ ಹಾಕಿದ್ದ. ಮರುದಿನ ಗಿರಿನಗರದ ಕಡೆ ಅವನನ್ನು ಹುಡುಕಿ ಹಿಡಿದ ಗುಂಪು ಕೆನ್ನೆಗೆ ಬಾರಿಸಿ ಕ್ಷಮೆ ಕೇಳಿಸಿತು. ಅದನ್ನೂ ವಿಡಿಯೊ ಮಾಡಿದರು, ಟಿ.ವಿ.ಗಳು ತೋರಿಸಿದವು. ಕನ್ನಡಕ್ಕೆ ಗೆಲುವಾಯಿತೆಂದು ಹೊಡೆದವರು ಅಂದುಕೊಂಡಿರಬೇಕು.

ಆ ವಿಡಿಯೊ ಗಡಿ ದಾಟಿತು. 12ರ ಬೆಳಗ್ಗೆ ಚೆನ್ನೈನಲ್ಲಿ ಕನ್ನಡಿಗರ ಒಡೆತನದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ರಾಮೇಶ್ವರಕ್ಕೆ ಹೋಗಿದ್ದ ಕರ್ನಾಟಕದ ಗಾಡಿಗಳ ಗಾಜು ಒಡೆದರು, ಚಾಲಕರೊಬ್ಬರನ್ನು ಹೊಡೆದು ಅವರಿಂದಲೂ ಘೋಷಣೆ ಕೂಗಿಸಿದರು. ಆ ದೃಶ್ಯ ಮಧ್ಯಾಹ್ನಕ್ಕೆ ಬೆಂಗಳೂರಿಗೆ ವಾಪಸಾಯಿತು. ಸಂಜೆಯೊಳಗೆ ಮೈಸೂರು ರಸ್ತೆಯ ಕಡೆಯ ಡಿಪೊದಲ್ಲಿ ನಿಂತಿದ್ದ ತಮಿಳುನಾಡಿನ ಕೆಪಿಎನ್ ಟ್ರಾವೆಲ್ಸ್‌ನ 40ರಷ್ಟು ಬಸ್ಸುಗಳು ಹೊತ್ತಿ ಉರಿದವು. ಟಿಎನ್ ನಂಬರಿನ ಲಾರಿಗಳನ್ನು ತಡೆದು ಚಾಲಕರನ್ನು ಕೆಳಗಿಳಿಸಿದರು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ. ಲಾಠಿ ಪ್ರಹಾರಕ್ಕೆ ಹೆದರಿ ಕಟ್ಟಡದಿಂದ ಬಿದ್ದ ಇನ್ನೊಬ್ಬ ಆಮೇಲೆ ತೀರಿಕೊಂಡ. ಸತ್ತ ಇಬ್ಬರೂ ಕನ್ನಡದ ಮನೆಯ ಮಕ್ಕಳು. 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಹಾಕಿದರು. ಆ ಪಟ್ಟಿಯನ್ನು ಓದಿದರೆ ಇದು ನಮ್ಮದೇ ಭಾಗದ ನಕ್ಷೆ: ರಾಜಗೋಪಾಲನಗರ, ಕಾಮಾಕ್ಷಿಪಾಳ್ಯ, ವಿಜಯನಗರ, ಬ್ಯಾಟರಾಯನಪುರ, ಕೆಂಗೇರಿ, ಮಾಗಡಿ ರಸ್ತೆ, ರಾಜಾಜಿನಗರ, ರಾಜರಾಜೇಶ್ವರಿನಗರ, ಚಂದ್ರಾ ಲೇಔಟ್, ಜ್ಞಾನಭಾರತಿ, ನಂದಿನಿ ಲೇಔಟ್, ಪೀಣ್ಯ... 14ರವರೆಗೆ ಅಂಗಡಿ ತೆರೆಯಲಿಲ್ಲ. ದಿನಗೂಲಿಯವರು ಅಕ್ಕಿ ಹೇಗೆ ತಂದರು ಎಂದು ಯಾವ ಸಂಘಟನೆಯೂ ವಿಚಾರಿಸಲಿಲ್ಲ. ಕಾವೇರಿಯ ಹನಿ ನೀರೂ ಇದರಿಂದ ಹೆಚ್ಚು ಬರಲಿಲ್ಲ.

ಕನ್ನಡದ ಬಗ್ಗೆ ನನಗಿರುವ ಪ್ರೀತಿ ಯಾರದ್ದಕ್ಕಿಂತಲೂ ಕಡಿಮೆಯದಲ್ಲ. ನಾಮಫಲಕದಲ್ಲಿ, ಬ್ಯಾಂಕಿನಲ್ಲಿ, ಕೋರ್ಟಿನಲ್ಲಿ ಕನ್ನಡ ಬೇಕೆಂದು ಹಠ ಹಿಡಿಯುವುದನ್ನು ನಾನು ಒಪ್ಪುತ್ತೇನೆ. ಆ ಹಠ ಇನ್ನೂ ಸಾಲದು. ಆದರೆ ಬ್ಯಾಂಕಿನ ಆಡಳಿತವನ್ನು ಕೇಳುವುದಕ್ಕೂ ಒಬ್ಬ ಹುಡುಗನನ್ನು ಬೀದಿಯಲ್ಲಿ ನಿಲ್ಲಿಸಿ ಕ್ಷಮೆ ಹೇಳಿಸುವುದಕ್ಕೂ ಅಜಗಜಾಂತರ. ಹಕ್ಕು ಕೇಳುವವನು ತನಗಿಂತ ಬಲವಾದವರ ಎದುರು ನಿಂತಿರುತ್ತಾನೆ. ಗಿರಿನಗರದಲ್ಲಿ ಒಂದು ಗುಂಪಿನ ಎದುರು ಒಬ್ಬನಿದ್ದ. ಇನ್ನು ನಮ್ಮ ಭಾಗದ ಹೆಸರುಗಳನ್ನೇ ನೋಡಿ. ರಾಜಾಜಿನಗರಕ್ಕೆ ಹೆಸರು ಕೊಟ್ಟ ಸಿ. ರಾಜಗೋಪಾಲಾಚಾರಿ ಹೊಸೂರಿನ ಬಳಿಯ ತೊರಪಳ್ಳಿಯ ತಮಿಳರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಆ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುತ್ತ ಇಲ್ಲಿನ ಮೂರು ತಲೆಮಾರು ಕನ್ನಡದಲ್ಲೇ ಬದುಕಿದೆ. ಕನ್ನಡಕ್ಕೆ ಆ ಶಕ್ತಿ ಇದೆ. ಕೆನ್ನೆಗೆ ಬಾರಿಸಿ ಕಾಪಾಡಬೇಕಾದಷ್ಟು ಬಡಕಲು ಭಾಷೆ ಇದಲ್ಲ.

ಹೀಗೆ ತಡೆದು ಕೇಳುವುದನ್ನು ಸಂವಿಧಾನವೂ ಒಪ್ಪುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಬಂದದ್ದು ಬೆಂಗಳೂರಿನವರಿಂದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ವಿರುದ್ಧ ಅವರು ಅರ್ಜಿ ಹಾಕಿದಾಗ ವಯಸ್ಸು 80 ದಾಟಿತ್ತು. ಏನು ತಿನ್ನಬೇಕು, ಏನು ಉಡಬೇಕು, ಯಾರ ಜೊತೆ ಬಾಳಬೇಕು ಎಂಬುದು ಮನುಷ್ಯನ ಸ್ವಂತ ನಿರ್ಧಾರ ಎಂಬ ಮಾತು ಆ ತೀರ್ಪಿನ ಒಡಲಲ್ಲಿದೆ. 2020ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಕೂಡ, ವಯಸ್ಕರು ಜಾತಿ ಧರ್ಮ ನೋಡದೆ ಇಷ್ಟಪಟ್ಟವರನ್ನು ಮದುವೆಯಾಗುವುದು ಸಂವಿಧಾನ ಕೊಟ್ಟ ಹಕ್ಕು ಎಂದಿತು. ಪುಟ್ಟಸ್ವಾಮಿ ತೀರ್ಪು ಬಂದ ಹನ್ನೆರಡನೇ ದಿನಕ್ಕೆ, ಸೆಪ್ಟೆಂಬರ್ 5ರ ರಾತ್ರಿ, ರಾಜರಾಜೇಶ್ವರಿನಗರದ ತಮ್ಮ ಮನೆಯ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡೇಟಿಗೆ ಬಲಿಯಾದರು. ಕೆಂಗೇರಿಯಿಂದ ಅದು ಎಷ್ಟು ದೂರ? ಆ ರಸ್ತೆಯಲ್ಲಿ ದಿನವೂ ಓಡಾಡುವವರು ನಾವು. ಅವರ ಬರಹವನ್ನು ಒಪ್ಪದವರು ಸಾವಿರಾರು ಜನ ಇದ್ದರು, ಒಪ್ಪದಿರುವುದಕ್ಕೆ ಅವರಿಗೆ ಹಕ್ಕೂ ಇತ್ತು. ಒಪ್ಪದೆಯೂ ಪಕ್ಕದಲ್ಲಿ ಬದುಕಲು ಬಿಡುವುದನ್ನೇ ಸಹನೆ ಎನ್ನುವುದು. ಅದಕ್ಕಿಂತ ಹೆಚ್ಚಿನದನ್ನು, ಪ್ರೀತಿಯನ್ನೋ ಮೆಚ್ಚುಗೆಯನ್ನೋ, ಯಾರೂ ಯಾರಿಂದಲೂ ಬಲವಂತವಾಗಿ ಕೇಳಲಾಗದು.

ಕಾನೂನಿನಲ್ಲಿ ನೈತಿಕ ಪೊಲೀಸ್‌ಗಿರಿ ಎಂಬ ಅಪರಾಧವೇ ಇಲ್ಲ. ಬಿಡಿಬಿಡಿ ಸೆಕ್ಷನ್‌ಗಳನ್ನು ಜೋಡಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ ಪ್ರಕಾರ ದಾರಿಹೋಕರನ್ನು ಅಕ್ರಮವಾಗಿ ತಡೆದರೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆದರಿಕೆಗೆ 351, ಕೋಮುಗಳ ನಡುವೆ ದ್ವೇಷ ಬಿತ್ತಿದರೆ 196, ಅದಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಸೆಕ್ಷನ್ ಯಾವುದಿದ್ದರೂ ಸಾಕ್ಷಿ ಇಲ್ಲದಿದ್ದರೆ ಮಂಗಳೂರಿನ ಗತಿಯೇ. ದೂರು ಕೊಟ್ಟ ಹೆಣ್ಣುಮಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು, ಮನೆಯವರನ್ನು ಎದುರಿಸಬೇಕು, ಆಕೆಯ ಮದುವೆಯ ಮಾತು ಬಂದಾಗಲೆಲ್ಲ ಆ ವಿಡಿಯೊ ಎದ್ದು ಬರುತ್ತದೆ. ಹೀಗಿರುವಾಗ ರಾಜಾಜಿನಗರ ನಿಲ್ದಾಣದ ಆ ಸಹಪ್ರಯಾಣಿಕರ ನಡೆ ನನಗೆ ಯಾವ ದಳದ ಸ್ಥಾಪನೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಅವರು ರೈತರ ಸಂಬಂಧಿಕರಲ್ಲ. ಕಚೇರಿಗೆ ತಡವಾಗುತ್ತದೆ ಎಂದು ಮುಂದೆ ಹೋಗಬಹುದಿತ್ತು. ನಿಂತು, ತಡೆದವರನ್ನೇ ನಿಯಮ ಕೇಳಿದರು.

ಬೀದಿಗೆ ಕಾನೂನಾದರೂ ಇದೆ. ಮನೆ ಬಾಡಿಗೆಗೆ ಅದೂ ಇಲ್ಲ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಕೆರೆ, ಬಾವಿಗಳಲ್ಲಿ ಜಾತಿ ಧರ್ಮದ ತಡೆಯನ್ನು ನಿಷೇಧಿಸುತ್ತದೆ. ಮನೆಯ ಮಾಲೀಕ ಯಾರಿಗೆ ಬಾಡಿಗೆ ಕೊಡಬೇಕೆಂಬುದು ಅದರ ಕೈಗೆ ಸಿಗುವುದಿಲ್ಲ. ಬಸವೇಶ್ವರನಗರದ ಒಳರಸ್ತೆಗಳಲ್ಲಿ ನಡೆದು ಹೋದರೆ ಟು-ಲೆಟ್ ಬೋರ್ಡಿನ ಕೆಳಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲು ಇವತ್ತಿಗೂ ಕಾಣುತ್ತದೆ. ಯಾರ ಹೆಸರಿನ ಬಡಾವಣೆ ಇದು? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಆದ ಮದುವೆಯನ್ನು ಸಹಿಸಲಾರದೆ ಬಸವಣ್ಣನವರ ಕಲ್ಯಾಣ ಹೊತ್ತಿ ಉರಿದದ್ದನ್ನು ಕಾರ್ನಾಡರ ‘ತಲೆದಂಡ’ದ ಮೂಲಕ ನಮ್ಮ ರಂಗಭೂಮಿ ಮತ್ತೆ ಮತ್ತೆ ಕೇಳಿಕೊಂಡಿದೆ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು.

ನನಗೆ ಪರಿಚಯದ ಹುಡುಗನೊಬ್ಬನಿಗೆ ಮನೆ ಬೇಕಿತ್ತು. ಅವನು, ಅವನ ತಾಯಿ, ಇಬ್ಬರೇ. ಜೊತೆಗೆ ನಾನೂ ಹೋಗಿದ್ದೆ. ಮನೆಯೊಡತಿ ಒಳ್ಳೆಯ ಹೆಂಗಸು. ಕೂರಿಸಿ ನೀರು ಕೊಟ್ಟರು, ಅವನ ಕೆಲಸ, ತಾಯಿಯ ಆರೋಗ್ಯ ಎಲ್ಲ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ, “ತಪ್ಪು ತಿಳ್ಕೋಬೇಡಪ್ಪ, ನೀವು ಯಾವ ಜನ?” ಎಂದರು. ಅವನು ಮುಚ್ಚಿಡದೆ ಹೇಳಿದ. “ನಮಗೇನೂ ಇಲ್ಲಪ್ಪ, ಮೇಲಿನ ಮನೆಯವರು ಒಪ್ಪಲ್ಲ, ನೋಡೋಣ ಫೋನ್ ಮಾಡ್ತೀನಿ.” ಗೇಟಿನ ಹೊರಗೆ ಬಂದಾಗ ಅವನು ನನ್ನತ್ತ ನೋಡದೆ, “ಮಾಡಲ್ಲ ಸಾರ್, ನನಗೆ ಗೊತ್ತು” ಎಂದ. ಬೋರ್ಡು ತಿಂಗಳ ಕೊನೆಯವರೆಗೂ ಅಲ್ಲೇ ನೇತಾಡುತ್ತಿತ್ತು. ಆಕೆಯಲ್ಲಿ ಕ್ರೌರ್ಯದ ಲವಲೇಶವೂ ಇರಲಿಲ್ಲ, ಉದ್ಯಾನದ ಹುಡುಗರ ಅಬ್ಬರ ಇರಲಿಲ್ಲ. ಆದರೂ ಕೇಳಿದ ಪ್ರಶ್ನೆ ಅದೇ, ಕೊಟ್ಟ ಏಟೂ ಅಷ್ಟೇ. ಆ ಹುಡುಗರಿಗೆ ಪ್ರಶ್ನೆ ಸಿಕ್ಕಿದ್ದು ಇಂಥ ಮನೆಗಳಿಂದಲೇ ಎಂದು ನನಗೆ ಅನ್ನಿಸುತ್ತದೆ. ದೊಡ್ಡವರು ಮೆಲುದನಿಯಲ್ಲಿ ಕೇಳಿದ್ದನ್ನು ಮಕ್ಕಳು ಬೀದಿಯಲ್ಲಿ ಕೂಗಿ ಕೇಳುತ್ತಾರೆ.

ಅವನಿಗೆ ಕಡೆಗೆ ಮನೆ ಸಿಕ್ಕಿದ್ದು ಕೆಂಗೇರಿ ಉಪನಗರದಲ್ಲಿ. ಮಾಲೀಕರು ಮಂಡ್ಯದ ಕಡೆಯವರು, ಕೆಳಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಅಡ್ವಾನ್ಸ್ ಎಷ್ಟು ತಿಂಗಳದ್ದು ಕೊಡ್ತೀರಿ, ಗಾಡಿ ಒಂದಾ ಎರಡಾ, ಇಷ್ಟೇ ಕೇಳಿದರು. ಹಿಂದಿನ ಮನೆಗಳ ಅನುಭವದಿಂದ ಹುಡುಗ ತಾನಾಗಿಯೇ ಜಾತಿ ಹೇಳಲು ಬಾಯಿ ತೆರೆದ. ಅವರು ಕೈಯೆತ್ತಿ ತಡೆದರು. “ಅದನ್ನ ಕಟ್ಕೊಂಡು ನನಗೇನಾಗ್ಬೇಕಪ್ಪ? ಐದನೇ ತಾರೀಕಿಗೆ ಬಾಡಿಗೆ ಕೊಡು. ಕಾವೇರಿ ನೀರು ದಿನ ಬಿಟ್ಟು ದಿನ ಬರ್ತದೆ, ಬೆಳಗ್ಗೆ ಆರಕ್ಕೆ ಎದ್ದು ಸಂಪಿಗೆ ಬಿಟ್ಕೊಬೇಕು. ಅಮ್ಮನಿಗೆ ಮೆಟ್ಲು ಹತ್ತೋಕಾಗ್ತದಾ, ಅದನ್ನ ಮೊದ್ಲು ನೋಡು.”